ಗದಿಗೆವ್ವನ ಬರಿಗೈ

ಬೆಳಗಿನ ಆರೂವರೆ. ಬ್ಯಾಡಗಿಯ ಓಣಿಗಳಲ್ಲಿ ಮೆಣಸಿನಕಾಯಿಯ ಘಾಟು ಇನ್ನೂ ಎದ್ದಿಲ್ಲ. ಮೋಟೆಬೆನ್ನೂರಿನಿಂದ ಮೊದಲ ಬಸ್ಸಿಗೆ ಬಂದಿಳಿದ ಗದಿಗೆವ್ವ ಜೈತೂನಬಿಯವರ ಹಿತ್ತಲಲ್ಲಿ ನಿಂತು ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆಯುತ್ತಾರೆ. ಉಗುರುಗಳನ್ನು ಬುಡಮಟ್ಟ ಕತ್ತರಿಸಿಕೊಂಡಿದ್ದಾರೆ. ತಾಳಿಯನ್ನು ಕುಪ್ಪಸದೊಳಗೆ ಸೇರಿಸಿಕೊಂಡಿದ್ದಾರೆ. ಹಣೆತುಂಬ ಕುಂಕುಮವಿದೆ, ಆದರೆ ಕೈಗಳಲ್ಲಿ ಒಂದೂ ಬಳೆಯಿಲ್ಲ.

ಒಳಗೆ ಮಂಚದ ಮೇಲೆ ಎಂಬತ್ನಾಲ್ಕರ ಜೈತೂನಬಿ. ಒಂದು ಕಾಲಕ್ಕೆ ಊರೆಲ್ಲ ತಿರುಗಿ ಹೆಣ್ಣುಮಕ್ಕಳಿಗೆ ಬಳೆ ಇಟ್ಟವರು. ತೊಡೆಯ ಎಲುಬು ಮುರಿದು ಹಾಸಿಗೆ ಹಿಡಿದು ಐದು ತಿಂಗಳಾಯಿತು. ಮಲಗಿ ಮಲಗಿ ಎಡಟೊಂಕದ ಮೇಲೆ ಹುಣ್ಣಾಯಿತು. ಅದು ಎಲುಬಿಗೆ ಇಳಿದರೆ ಜೀವಕ್ಕೇ ಕುತ್ತು ಎಂದು ವೈದ್ಯರು ಮಗ ಜಮೀರ್‌ಗೆ ಹೇಳಿದ್ದು ಹತ್ತು ವಾರದ ಹಿಂದೆ. ಗದಿಗೆವ್ವ ಆರೈಕೆಗೆಂದು ಈ ಮನೆಗೆ ಬರತೊಡಗಿದ್ದೂ ಅಂದಿನಿಂದಲೇ.

"ಇವತ್ತ ಎಷ್ಟೈತಿ, ಗದಿಗೆವ್ವ?" ಹುಣ್ಣಿನ ಪಟ್ಟಿ ಬಿಚ್ಚುವ ದಿನ ಜೈತೂನಬಿ ಕೇಳುವ ಮೊದಲ ಮಾತು ಇದು. ತನ್ನ ಗಾಯ ತನಗೇ ಕಾಣದು. ಮನೆಯವರು "ಏನಿಲ್ಲ, ಏನಿಲ್ಲ" ಎಂದು ಹಾರಿಸುತ್ತಾರೆ. ಗದಿಗೆವ್ವ ಹಾಗಲ್ಲ. ಮೊದಲ ದಿನ "ಅಡಿಕಿಯಷ್ಟು ಐತ್ರಿ" ಎಂದರು. ತಿಂಗಳ ಮೇಲೆ "ತೊಗರಿಕಾಳಿನಷ್ಟು" ಎಂದರು. ನಡುವೆ ಒಮ್ಮೆ "ಹೆಚ್ಚಾಗೇತ್ರಿ" ಎಂದೂ ಹೇಳಿದ್ದರು. ಅಂದು ಮುದುಕಿ ತುತ್ತು ಅನ್ನ ಮುಟ್ಟಲಿಲ್ಲ.

"ಸುಳ್ಳ ಹೇಳಿದ್ರ ಅವರು ಮಗ್ಗಲಾ ಬದಲ ಮಾಡಾಕ ಒಪ್ಪಂಗಿಲ್ಲರಿ. ಖರೇ ತಿಳದ್ರ ನೋವು ತಡಕೋತಾರ," ಎನ್ನುತ್ತಾರೆ ಗದಿಗೆವ್ವ.

ಕನ್ನಡಿ ಮುಂದೆ ನಿಂತು ಸುಕ್ಕು ಎಣಿಸುವುದರಲ್ಲಿ ನಾವೆಲ್ಲ ಬಲು ಜಾಣರು. ಮುಖಕ್ಕೆ ಬಳಿದುಕೊಳ್ಳಲು ಎಷ್ಟು ಬಗೆಯ ಕ್ರೀಮು! ಅದೇ ಚರ್ಮ ಎಂಬತ್ತು ದಾಟಿ ಹಾಸಿಗೆ ಸೇರಿದರೆ ತಿರುಗಿ ನೋಡುವವರೇ ಇಲ್ಲ. ವಯಸ್ಸಾದಂತೆ ಚರ್ಮ ತೆಳುವಾಗುತ್ತದೆ, ಅಡಿಯ ಕೊಬ್ಬು ಕರಗುತ್ತದೆ, ಜಿಡ್ಡು ಆರಿ ತುರಿಕೆ ಹತ್ತುತ್ತದೆ. ತುಸು ತಾಗಿದರೂ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಗಾಯವಾದರೆ ಬೇಗ ಮಾಯುವುದಿಲ್ಲ. ಹಾಸಿಗೆಯ ಮೇಲಿನ ಒಂದು ಮಡಿಕೆ ಸಾಕು, ಹುಣ್ಣಾಗಲು.

ಗದಿಗೆವ್ವ ಇದನ್ನು ಕಲಿತದ್ದು ತಪ್ಪು ಮಾಡಿ. ಒಂಬತ್ತು ವರ್ಷದ ಹಿಂದೆ, ಪಂಚಮಿಗೆ ಹೊಸದಾಗಿ ಇಡಿಸಿಕೊಂಡ ಹಸಿರು ಬಳೆಗಳ ಕೈಯಲ್ಲೇ ಅವಸರದಿಂದ ಅತ್ತೆಗೆ ನೀರೆರೆಯುತ್ತಿದ್ದರು. ಬಳೆ ತಾಗಿತು. ಅತ್ತೆಯ ಮುಂಗೈ ಚರ್ಮ ಹಾಲಿನ ಕೆನೆಯಂತೆ ಸರಿದು ಬಂತು. ಅರಿಸಿನ ಮೆತ್ತಿ ಬಟ್ಟೆ ಕಟ್ಟಿದರು. ಬಟ್ಟೆ ಬಿಚ್ಚುವಾಗ ಉಳಿದ ಚರ್ಮವೂ ಅಂಟಿಕೊಂಡು ಬಂತು. ಕೀವಾಯಿತು, ಜ್ವರ ಏರಿತು. ಎರಡು ತಿಂಗಳಲ್ಲಿ ಅತ್ತೆ ತೀರಿಕೊಂಡರು.

"ಅತ್ತಿ ನನಗ ಒಂದ ಮಾತು ಅನಲಿಲ್ಲರಿ. ಬೈದಿದ್ರ ಛಲೋ ಇತ್ತು," ಎಂದು ಗದಿಗೆವ್ವ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾರೆ. ಆ ದುಃಖ ಇನ್ನೂ ಹಸಿಯಾಗಿಯೇ ಇದೆ.

ಅಂದು ತೆಗೆದ ಬಳೆಗಳನ್ನು ಮತ್ತೆ ಇಡಿಸಿಕೊಳ್ಳಲಿಲ್ಲ. ರಾಣೆಬೆನ್ನೂರಿನ ಆಸ್ಪತ್ರೆಯೊಂದರಲ್ಲಿ ಆಯಾ ಆಗಿ ಸೇರಿ, ನರ್ಸ್‌ಗಳ ಕೈಗೆಲಸ ನೋಡಿ ನೋಡಿ ಕಲಿತರು. ಈಗ ದಿನಕ್ಕೆ ನಾಲ್ಕು ಮನೆಗಳಲ್ಲಿ ಹಾಸಿಗೆ ಹಿಡಿದವರ ಆರೈಕೆ. ಮುತ್ತೈದೆಯ ಕೈ ಬರಿದಾಗಿದ್ದರೆ ಊರು ಸುಮ್ಮನಿರುತ್ತದೆಯೇ? ಸೀಮಂತ-ಕುಬಸದ ಮನೆಗಳಿಗೆ ಕರೆಯುವುದನ್ನೇ ಬಿಟ್ಟರು. ಮಾರುಕಟ್ಟೆಯಲ್ಲಿ ಚೀಲ ಹೊರುವ ಗಂಡ ದುರುಗೇಶ ಮಾತ್ರ ನಗುತ್ತಾನೆ: "ನಾ ಇನ್ನೂ ಜೀವಂತ ಅದೇನಿ ಅಂತ ಬೋರ್ಡ್ ಹಾಕ್ಕೊಂಡ ಅಡ್ಡಾಡಲೇನ?"

ಜೈತೂನಬಿಯೂ ಮೊದಲ ದಿನ ಗದರಿಸಿಯೇ ಬಿಟ್ಟಿದ್ದರು. "ಗಂಡ ಇದ್ದಾಕಿ ಬರಿಗೈಲೆ ನನ್ನ ಹಾಸಿಗಿ ಮುಟ್ಟಬ್ಯಾಡ. ಇದನ್ನ ನೋಡಾಕ ಐವತ್ತ ವರ್ಷ ಬಳಿ ಮಾರೇನೇನ?" ಗದಿಗೆವ್ವ ಬಾಗಿಲಲ್ಲೇ ಕುಳಿತು ಅತ್ತೆಯ ಕತೆಯನ್ನೆಲ್ಲ ಹೇಳಿದರು. ಬಳೆಗಾರ್ತಿ ಕತೆ ಮುಗಿಯುವವರೆಗೆ ಆ ಬರಿಗೈಗಳನ್ನೇ ನೋಡಿದರು. ಆಮೇಲೆ "ಬಾ, ಮುಟ್ಟು" ಎಂದರು. ಸೊಸೆ ಶರೀಫಾಬಿಯನ್ನು ಕರೆದು, ಆಕೆಯ ಬಳೆಗಳನ್ನೂ ತಾವೇ ಬಿಚ್ಚಿಸಿದರು.

ಅಂದಿನಿಂದ ಶರೀಫಾಬಿ ಎರಡು ತಾಸಿಗೊಮ್ಮೆ ಅತ್ತೆಯ ಮಗ್ಗಲು ಬದಲಿಸುತ್ತಾರೆ. "ಎಳೀಬ್ಯಾಡ್ರಿ, ಎತ್ತರಿ. ಒರಸಬ್ಯಾಡ್ರಿ, ಬಟ್ಟಿ ಒತ್ತಿ ನೀರ ಹೀರಸ್ರಿ," ಎಂದು ಗದಿಗೆವ್ವ ಇಂದೂ ನೆನಪಿಸುತ್ತಾರೆ. ಇಬ್ಬರೂ ಸೇರಿ ಮುದುಕಿಯನ್ನು ಬಲಮಗ್ಗಲಿಗೆ ಮಲಗಿಸುತ್ತಾರೆ. ಎಂಟು ದಿನದ ಹಿಂದೆ ಕಟ್ಟಿದ ಟೊಂಕದ ಪಟ್ಟಿ ಬಿಚ್ಚುವ ದಿನ ಇದು.

ಪಟ್ಟಿ ನೀರಲ್ಲಿ ನೆನೆದು ಮೆಲ್ಲಗೆ ಬಿಡುತ್ತದೆ. ಗದಿಗೆವ್ವ ಬಾಗಿ ನೋಡುತ್ತಾರೆ. ಬೆರಳಿನಿಂದ ಅಂಚನ್ನು ತುಸು ಒತ್ತುತ್ತಾರೆ. ಅಲ್ಲಿ ಚರ್ಮ ಬಿಳುಪೇರಿ, ಬೆರಳು ತೆಗೆದೊಡನೆ ಮತ್ತೆ ಕೆಂಪಾಗುತ್ತದೆ.

"ಯಾಕ ಸುಮ್ಮನಾದಿ?" ಜೈತೂನಬಿ ದಿಂಬಿನಿಂದ ತಲೆ ಎತ್ತುತ್ತಾರೆ. "ಹೆಚ್ಚಾತೇನ? ಖರೇ ಹೇಳು."

ಗದಿಗೆವ್ವ ಬಟ್ಟಲು ನೀರು ತರಿಸಿ, ಮುದುಕಿಯ ಎಡಗೈಯನ್ನು ಸೋಪು ಹಚ್ಚಿ ತೊಳೆದು ಒರೆಸುತ್ತಾರೆ. ಆ ಕೈಯನ್ನು ಮೆತ್ತಗೆ ಹಿಡಿದು ಟೊಂಕದ ಮೇಲೆ ಇಡುತ್ತಾರೆ.

"ಈ ಸಲ ನೀವಽ ನೋಡ್ರಿ, ಅಮ್ಮಾ."

ಒಮ್ಮೆ ಹಿಂಡಿದರೆ ಯಾರ ಕೈಗೆ ಯಾವ ಅಳತೆಯ ಬಳೆ ಎಂದು ಹೇಳುತ್ತಿದ್ದ ಬೆರಳುಗಳು ಅಂಜುತ್ತಲೇ ಸರಿದಾಡುತ್ತವೆ.

"ಎಲ್ಲಿತ್ತ ಅದು?"

"ಈಗ ಮುಟ್ಟೀರಲ್ಲ, ಅಲ್ಲೇರಿ."

ಜೈತೂನಬಿಯ ಕಣ್ಣು ತುಂಬಿ ದಿಂಬಿಗೆ ಇಳಿಯುತ್ತದೆ. "ಕೂಸಿನ ತೊಗಲಿನಂಗ ಐತಲ್ಲ, ಯವ್ವಾ!"

"ಎಂಟ ದಿನದ್ದರಿ ಅದು," ಎನ್ನುತ್ತಾರೆ ಗದಿಗೆವ್ವ, ಹಾಸಿಗೆಯ ಮಡಿಕೆ ಸರಿಮಾಡುತ್ತ. "ನಿಮ್ಮ ಮನ್ಯಾಗ ಈಗ ಎಲ್ಲಾರಕಿಂತ ಸಣ್ಣದು ಅದಽ. ಜ್ವಾಪಾನ ಮಾಡಿ ಸಾಕ್ರಿ."