ಜಲಜಕ್ಕ ಕೇಳುತ್ತಿದ್ದ ಪ್ರಶ್ನೆಗಳು

ಯಾವ ಮನೆಯ ಗೇಟಿಗೆ ಕೈ ಹಾಕುವ ಮೊದಲೂ ಜಲಜಕ್ಕ ಒಂದು ಗಳಿಗೆ ನಿಂತು, "ನನಗೆ ಹೆದರಿಕೆ ಆಗ್ತಾ ಉಂಟು ಮಾರಾಯ್ತಿ, ನಿನಗೆ?" ಎಂದು ಕೇಳುತ್ತಿದ್ದರು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನನಗಿಂತ ಮೊದಲು ಒಳಗೆ ನಡೆಯುತ್ತಿದ್ದರು. ಇಪ್ಪತ್ತು ವರ್ಷಕ್ಕೂ ಮೇಲೆ ಇದೇ ಕೆಲಸ ಮಾಡಿದವರು ಹೀಗೆ ಬಾಯಿಬಿಟ್ಟು ಹೆದರಿಕೆ ಹೇಳಿಕೊಳ್ಳುವುದನ್ನು ಕಂಡು ಮೊದಮೊದಲು ನನಗೆ ನಗು ಬರುತ್ತಿತ್ತು.

ನಮ್ಮದು ಉಡುಪಿಯಲ್ಲಿದ್ದ ಸಣ್ಣ ಕುಟುಂಬ ಸಲಹಾ ಕೇಂದ್ರ. ಗಂಡನ ಮನೆಯಲ್ಲಿ ಪೆಟ್ಟು ತಿಂದ ಹೆಂಗಸರು ಬಂದು ಹೇಳಿಕೊಳ್ಳುತ್ತಿದ್ದರು. ತಿಂಗಳಿಗೊಮ್ಮೆ ಅವರ ಮನೆಗೆ ಹೋಗಿ, ನಮ್ಮಿಂದ ಅವರಿಗೆ ಏನಾದರೂ ಒಳ್ಳೆಯದಾಗಿದೆಯೇ ಎಂದು ನಾವು ಫಾರ್ಮ್ ತುಂಬಬೇಕಿತ್ತು. ನಲವತ್ತು ಪ್ರಶ್ನೆ, ಪ್ರತಿಯೊಂದಕ್ಕೂ ಒಂದರಿಂದ ಐದರವರೆಗೆ ಅಂಕ. 'ಮನೆಯಲ್ಲಿ ನಿಮಗೆ ಎಷ್ಟು ಸುರಕ್ಷಿತ ಅನಿಸುತ್ತದೆ?' ಎಂಬುದು ಮೊದಲನೆಯದು. ಐದು ಎಂದರೆ ಪೂರ್ತಿ ಸುರಕ್ಷಿತ.

ಜಲಜಕ್ಕ ಅದನ್ನು ನೇರವಾಗಿ ಕೇಳಿದ್ದೇ ಇಲ್ಲ. ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಾ ಕೂತು, "ಅವರ ಬೈಕಿನ ಸದ್ದು ಕೇಳಿದಾಗ ನೀನು ಎಂತ ಮಾಡ್ತಿ? ಫೋನ್ ಯಾರ ಹತ್ರ ಇರ್ತದೆ?" ಎಂದು ಕೇಳುತ್ತಿದ್ದರು. ಕಾರ್ಕಳದ ಒಬ್ಬಾಕೆ, ಬೈಕಿನ ಸದ್ದಿಗೆ ಟಿವಿ ಆರಿಸಿ ಏಳುತ್ತೇನೆ ಎಂದಿದ್ದಳು. ಆರು ತಿಂಗಳ ಬಳಿಕ, "ಈಗ ಧಾರಾವಾಹಿ ಮುಗಿಯದೆ ಏಳುವುದಿಲ್ಲ ಅಕ್ಕ" ಎಂದಳು. ಅದನ್ನು ಫಾರ್ಮಿನ ಅಂಚಿನಲ್ಲಿ ಬರೆದುಕೊಂಡು ಜಲಜಕ್ಕ ಉಡುಪಿಯವರೆಗೂ ಬಸ್ಸಿನಲ್ಲಿ ನಗುತ್ತಲೇ ಇದ್ದರು. ನಮ್ಮ ಸಂಯೋಜಕರು ಮಾತ್ರ ತಲೆ ಚಚ್ಚಿಕೊಂಡರು. "ಇದನ್ನು ಕಂಪ್ಯೂಟರಿಗೆ ಹಾಕುವುದು ಹೇಗೆ ಮೇಡಂ?"

ಕಾಪುವಿನ ಶೋಭಾಳ ಮನೆ ನನ್ನ ಪಾಲಿಗೆ ಬಂದಿತ್ತು. ಮೊದಲ ಪ್ರಶ್ನೆಗೆ ಮೊದಲ ತಿಂಗಳು ಅವಳು ಎರಡು ಹೇಳಿದಳು, ಆಮೇಲೆಯೂ ಎರಡು, ಮೂರನೆಯ ತಿಂಗಳು ಐದು. ಮಣಿಪಾಲದಲ್ಲಿ ನಡೆಯಲಿದ್ದ ವಾರ್ಷಿಕ ಸಭೆಯಲ್ಲಿ ತೋರಿಸುವ ಪಟ್ಟಿಗೆ ಆ ಹೆಸರನ್ನು ನಾನು ಹೆಮ್ಮೆಯಿಂದ ಸೇರಿಸಿದೆ. ಜಲಜಕ್ಕ ಫಾರ್ಮ್ ನೋಡಿ ಕನ್ನಡಕ ತೆಗೆದರು.

"ನೀನು ಕೇಳುವಾಗ ಅಲ್ಲಿ ಯಾರಿದ್ದರು?"

"ಅವಳ ಗಂಡ. ತುಂಬ ಮರ್ಯಾದೆಯ ಜನ ಅಕ್ಕ. ಜ್ಯೂಸ್ ತಂದುಕೊಟ್ಟದ್ದು ಅವರೇ."

ಅವರು ಫಾರ್ಮನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. "ಏಳು. ಈಗಲೇ ಹೋಗುವ" ಎಂದರು.

ಬೆಳಗಿನ ಹನ್ನೊಂದು ಗಂಟೆ. ಶೋಭಾಳ ಮನೆಯ ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿತ್ತು. ಯಾರೂ ಇಲ್ಲವೆಂದು ನಾನು ಹಿಂದಿರುಗುವಷ್ಟರಲ್ಲಿ ಕಿಟಕಿಯ ಸರಳುಗಳ ಹಿಂದೆ ಅವಳ ಮುಖ ಕಂಡಿತು. ಕೆನ್ನೆ ಒಂದು ಕಡೆ ಊದಿತ್ತು.

"ಅವರು ಮೀನು ತರ್ಲಿಕ್ಕೆ ಹೋಗಿದ್ದಾರೆ. ಐದು ಅಂತ ಹಾಕಿ ಅಕ್ಕ, ಎಲ್ಲದಕ್ಕೂ ಐದು ಹಾಕಿ. ಹೋಗಿ."

ಜಲಜಕ್ಕ ಸರಳಿನ ನಡುವೆ ಕೈ ತೂರಿಸಿ ಅವಳ ಬೆರಳು ಹಿಡಿದರು. "ಫಾರ್ಮ್ ಇರಲಿ. ನಮ್ಮೊಟ್ಟಿಗೆ ಬರ್ತೀಯಾ?"

ಶೋಭಾ ಬೀಗ ಬಿದ್ದ ಬಾಗಿಲಿನ ಕಡೆ ನೋಡಿದಳು. ಹೂಂ ಎಂದು ತಲೆಯಾಡಿಸಿದಳು. ಅಷ್ಟರಲ್ಲಿ ದೂರದಲ್ಲಿ ಬೈಕಿನ ಸದ್ದು ಕೇಳಿತು. ಅವಳು ಕಿಟಕಿಯಿಂದ ಮಾಯವಾದಳು.

"ಮನೆಯ ಹಿಂದೆ ಹೋಗಿ ಪೊಲೀಸ್ ಸ್ಟೇಷನ್ನಿಗೆ ಫೋನ್ ಮಾಡು. ಅವರು ಬರುವವರೆಗೆ ಇವನನ್ನು ನಾನು ಕೂರಿಸಿಕೊಳ್ತೇನೆ" ಎಂದು ಜಲಜಕ್ಕ ಪಿಸುಗುಟ್ಟಿದರು. ಬಾವಿಯ ಮರೆಯಲ್ಲಿ ನಿಂತು ಫೋನ್ ಮಾಡುವಾಗ ಮನೆಯ ವಿಳಾಸ ಹೇಳಲು ಎರಡು ಸಲ ತಡವರಿಸಿದೆ.

ನಾನು ತಿರುಗಿ ಬರುವಾಗ ಗಂಡ ಜಗಲಿಯಲ್ಲಿ ಕೂತಿದ್ದ. ಮೀನಿನ ಚೀಲ ಪಕ್ಕದಲ್ಲಿತ್ತು, ಬೀಗದ ಕೈ ಅವನ ಬೆರಳಿನಲ್ಲಿ ತಿರುಗುತ್ತಿತ್ತು. ಜಲಜಕ್ಕ ಫಾರ್ಮ್ ಬಿಡಿಸಿಕೊಂಡು, "ಈ ಸಲ ಗಂಡಂದಿರ ಅಭಿಪ್ರಾಯವೂ ಬೇಕು ಅಂತ ಮೇಲಿನಿಂದ ಹೇಳಿದ್ದಾರೆ" ಎನ್ನುತ್ತಿದ್ದರು. ಅದು ಅಪ್ಪಟ ಸುಳ್ಳು. ಅವರು ನಿಧಾನವಾಗಿ ಒಂದೊಂದೇ ಪ್ರಶ್ನೆ ಓದಿದರು. ಅವನು ನಗುತ್ತಾ "ಐದು", "ಐದು" ಎಂದ. ನಾನು ಬರೆದುಕೊಂಡೆ. ಸೀರೆಯ ಅಂಚಿನ ಕೆಳಗೆ ಜಲಜಕ್ಕನ ಪಾದಗಳು ನಡುಗುತ್ತಿದ್ದುದು ನನಗೆ ಕಾಣುತ್ತಿತ್ತು. ಒಳಗಿನಿಂದ ಒಂದು ಸದ್ದೂ ಇಲ್ಲ.

ಮೂವತ್ತೊಂದನೆಯ ಪ್ರಶ್ನೆಗೆ ಅವನು ಉತ್ತರಿಸಲಿಲ್ಲ. ಎದ್ದು ಹೋಗಿ ಗೇಟಿನ ಚಿಲಕ ಹಾಕಿ ಬಂದು, ಮೆಲ್ಲಗೆ ಕೇಳಿದ: "ಗಂಡಂದಿರಿಗೆ ಫಾರ್ಮ್ ಇಲ್ಲ ಅಲ್ವಾ ಮೇಡಂ?"

ಜಲಜಕ್ಕ ತಲೆ ಎತ್ತಲಿಲ್ಲ. ಒಡೆದ ದನಿಯಲ್ಲಿ, "ಮೂವತ್ತೆರಡು" ಎಂದು ಓದಿದರು. ಅವನು ಒಂದು ಹೆಜ್ಜೆ ಹತ್ತಿರ ಬಂದ. "ಮೂವತ್ತಮೂರು" ಎಂದರು. ಆಗ ರಸ್ತೆಯಲ್ಲಿ ಪೊಲೀಸ್ ಜೀಪು ನಿಂತಿತು.

ಪೊಲೀಸರು ಬೀಗ ತೆಗೆಸಿದ ಮೇಲೆ ಶೋಭಾ ಹೆಬ್ರಿಯಲ್ಲಿದ್ದ ತನ್ನ ಅಕ್ಕನ ಮನೆಗೆ ಹೋದಳು. ಮುಂದಿನ ತಿಂಗಳು ಅಲ್ಲಿ ಕೇಳಿದಾಗ ಮೊದಲ ಪ್ರಶ್ನೆಗೆ 'ಒಂದು' ಎಂದಳು. ಐದರಿಂದ ಒಂದಕ್ಕೆ ಇಳಿದಿದೆ, ನಮ್ಮ ಕೆಲಸ ಕೆಟ್ಟಿದೆ ಎಂದಂತಾಯಿತಲ್ಲ ಎಂದು ಸಂಯೋಜಕರು ಚಿಂತೆಗೆ ಬಿದ್ದರು. ಜಲಜಕ್ಕ ಅಂದರು, "ಇಳಿದದ್ದಲ್ಲ ಸರ್. ಈಗ ಅವಳಿಗೆ ನಿಜ ಹೇಳ್ಲಿಕ್ಕೆ ಧೈರ್ಯ ಬಂದಿದೆ. ಒಂದು ಅಂತಲೇ ಹಾಕಿ."

ನಿವೃತ್ತರಾದ ಮೇಲೆ ಜಲಜಕ್ಕ ಕಾರ್ಕಳದಲ್ಲಿ ತಂಗಿಯ ಮನೆಯಲ್ಲಿದ್ದರು. ಕಳೆದ ವರ್ಷ ಅಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದಾಗ, ಶೋಭಾಳ ಗಂಡನನ್ನು ಹೆಬ್ರಿಯ ಪೇಟೆಯಲ್ಲಿ ಯಾರೋ ಕಂಡರಂತೆ ಎಂದು ನಾನು ಹೇಳಿಬಿಟ್ಟೆ. ಅವರು ನನ್ನ ಮೊಣಕೈ ಹಿಡಿದುಕೊಂಡರು. "ಗುರುವಾರ ಹೋಗುವ. ನಾನೂ ಬರ್ತೇನೆ. ಒಬ್ಬಳೇ ಹೋಗಬೇಡ."

ಬುಧವಾರ ಬೆಳಿಗ್ಗೆ ಅವರ ತಂಗಿ ಫೋನ್ ಮಾಡಿದರು. ಹೃದಯಾಘಾತ. ಆಸ್ಪತ್ರೆಗೆ ಸೇರಿಸುವಷ್ಟೂ ಸಮಯ ಸಿಗಲಿಲ್ಲವಂತೆ.

ಮಣ್ಣು ಮಾಡಿ ಬಂದ ಮರುದಿನ ನಾನು ಒಬ್ಬಳೇ ಹೆಬ್ರಿಗೆ ಹೋದೆ. ಶೋಭಾ ಹೊಲಿಗೆ ಅಂಗಡಿಯಲ್ಲಿ ರವಿಕೆ ಹೊಲಿಯುತ್ತಿದ್ದಳು. ನನ್ನನ್ನು ಕಂಡು, ನನ್ನ ಹಿಂದೆ ಯಾರಾದರೂ ಬರುತ್ತಾರೇನೋ ಎಂದು ಇಣುಕಿದಳು.

"ಜಲಜಕ್ಕ ಬರ್ಲಿಲ್ವಾ?"

ನಾನು ಹೊಸ್ತಿಲಲ್ಲೇ ನಿಂತೆ. ಅವಳು ಯಂತ್ರ ನಿಲ್ಲಿಸಿ ಎದ್ದಳು. ಹೊರಗೆ ಬಂದು ರಸ್ತೆಯ ಎರಡೂ ಕಡೆ ಚೆನ್ನಾಗಿ ನೋಡಿದಳು. ಒಳಗೆ ಬಂದು ಬಾಗಿಲನ್ನು ಅರ್ಧ ಮುಚ್ಚಿ, ನನಗೆ ಸ್ಟೂಲ್ ಎಳೆದುಕೊಟ್ಟಳು.

"ಯಾರೂ ಇಲ್ಲ. ಈಗ ಹೇಳಿ" ಎಂದಳು.