ಹಾಲಿನ ಪಾಕೀಟು ಸುತ್ತಿದ ಬೀಗಗಳು

ಆ ವರದಿ ಓದಿ ಎಷ್ಟೋ ದಿನವಾಯಿತು, ನನ್ನ ಸಿಟ್ಟು ಇಳಿದಿಲ್ಲ. 'ಗುರುವಾರದ ಔಷಧಿ ವ್ಯಾನಿನಿಂದ ಜನರ ಆರೋಗ್ಯ ಸುಧಾರಿಸಿಲ್ಲ, ನಿಲ್ಲಿಸಬಹುದು' ಅಂತೆ!

ಗೋವಾದ ಫಾತೋರ್ಡಾದಲ್ಲಿ ನಮ್ಮ ಮನೆಯ ಹಿಂದೆ ವಿಜಯಪುರದ ಕಡೆಯ ಕೂಲಿಯವರ ಓಣಿಯಿದೆ. ನಮ್ಮಲ್ಲಿ ಪಾತ್ರೆ ತಿಕ್ಕುವಾಕೆ ಅಲ್ಲಿಯವಳೇ. ಅವಳ ಗಂಡನಿಗೆ ದಮ್ಮು. ಪ್ರತಿ ಗುರುವಾರ ಬರುವ ವ್ಯಾನಿನ ಔಷಧಿಯಿಂದಲೇ ಕೆಲಸಕ್ಕೆ ಹೋಗುತ್ತಿದ್ದ. ದಾಬೋಲಿಮ್‌ನ ಅಂಥದೇ ಓಣಿಗೆ ವ್ಯಾನ್ ಇರಲಿಲ್ಲ. ಎರಡನ್ನೂ ಹೋಲಿಸಲು ಬಂದ ತರುಣ ಸಂಶೋಧಕನಿಗೆ ಕನ್ನಡ ಬಾರದು. ಎರಡೂ ಕಡೆ ದುಭಾಷಿಯಾಗಿ ತಿರುಗಿದವಳು ನಾನೇ.

ದಾಬೋಲಿಮ್‌ನಲ್ಲಿ ಬೀಗ ಬಿದ್ದ ಬಾಗಿಲು ಬಹಳ. ಕೆಲವು ಬೀಗಗಳಿಗೆ ಮಳೆಯಲ್ಲಿ ತುಕ್ಕು ಹಿಡಿಯದಿರಲೆಂದು ಹಾಲಿನ ಪಾಕೀಟು ಸುತ್ತಿ ದಾರ ಕಟ್ಟಿದ್ದರು.

"ಊರಿಗಿ ಹೋಗ್ಯಾರ್ರಿ," ಎಂದಳು ಪಕ್ಕದ ಮನೆಯವಳು. ಅಷ್ಟನ್ನೇ ನಾನು ಅವನಿಗೆ ಹೇಳಿದೆ. ಅವನು 'ಮನೆಯಲ್ಲಿಲ್ಲ' ಎಂದು ಗೀಚಿ ಮುಂದೆ ನಡೆದ. ದಿನದ ಕೆಲಸಕ್ಕೆ ಹೋದವರು ಬೀಗಕ್ಕೆ ಪ್ಲಾಸ್ಟಿಕ್ ಸುತ್ತುವುದಿಲ್ಲ. ಜಡ್ಡಾಗಿ ದುಡಿಯಲಾಗದವರು ಊರಿಗೆ ಹೋಗುವಾಗ ಸುತ್ತುತ್ತಾರೆ. ಅದು ನನಗೆ ಗೊತ್ತಿತ್ತು. ಆದರೆ ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕೆಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರಲ್ಲ, ಹಾಗೇ ಬಾಯಿ ಮುಚ್ಚಿಕೊಂಡಿದ್ದೆ. ಥೂ!

ವರದಿ ಹಿಡಿದು ಆ ಸಂಶೋಧಕನ ಆಫೀಸಿಗೇ ಹೋದೆ. ಅವನು ಇಂಗ್ಲಿಷಿನಲ್ಲಿ, ಮಗುವಿಗೆ ಹೇಳುವಂತೆ ವಿವರಿಸಿದ: "ಆಂಟಿ, ವ್ಯಾನ್ ಬರುವ ಮೊದಲು ಕೆಮ್ಮುವವರು ಎಷ್ಟು, ಬಂದ ಮೇಲೆ ಎಷ್ಟು ಅಂತ ಎರಡೂ ಓಣಿಯಲ್ಲಿ ನೋಡಿದ್ದೇವೆ. ಆ ವ್ಯತ್ಯಾಸಗಳ ನಡುವಿನ ವ್ಯತ್ಯಾಸವನ್ನೂ ತೆಗೆದಿದ್ದೇವೆ. ನಿಮ್ಮ ಓಣಿಯಲ್ಲೇ ಕೆಮ್ಮು ಜಾಸ್ತಿ."

"ಇರಲೇಬೇಕಲ್ಲಪ್ಪ! ಔಷಧಿ ಸಿಗುವಲ್ಲಿ ಕೆಮ್ಮುವವರು ಉಳಿದಿದ್ದಾರೆ. ದಾಬೋಲಿಮ್‌ನವರು ಬಸ್ಸು ಹತ್ತಿ ಹೋದರು. ಉಳಿದ ಗಟ್ಟಿಯವರನ್ನಷ್ಟೇ ನೀನು ಎಣಿಸಿದೆ."

"ಹೋದವರ ಡೇಟಾ ಇಲ್ಲವಲ್ಲ."

"ಕೇಳಲಿಲ್ಲ, ಅದಕ್ಕೇ ಇಲ್ಲ!"

ನನ್ನ ದನಿ ನನಗೇ ಹೊಸದಾಗಿತ್ತು. ಅವನ ಮೇಲಿನವರು "ಅಡಿಟಿಪ್ಪಣಿಯಲ್ಲಿ ಸೇರಿಸೋಣ" ಎಂದು ಚಹಾ ತರಿಸಿದರು. ಕೆನೆಗಟ್ಟುವವರೆಗೂ ನಾನು ಅದನ್ನು ಮುಟ್ಟಲಿಲ್ಲ.

ಮುಂದಿನ ಗುರುವಾರ ವ್ಯಾನ್ ಬರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ. ಒಂದು ಬೆಳಿಗ್ಗೆ ಪಾತ್ರೆ ತಿಕ್ಕುವಾಕೆ ಬಾಗಿಲಲ್ಲೇ ನಿಂತಳು.

"ಅಕ್ಕಾರ, ಊರಿಗಿ ಹೊಂಟೇವ್ರಿ. ಇವರಿಗೆ ಉಸಿರು ಹಿಡ್ಯಾಕತ್ತೈತಿ. ಒಂದು ಖಾಲಿ ಹಾಲಿನ ಪಾಕೀಟು ಇದ್ರ ಕೊಡ್ರಿ."

ಯಾಕೆಂದು ಕೇಳಬೇಕಾಗಿರಲಿಲ್ಲ. ತೊಳೆದು ಒಣಗಿಸಿಟ್ಟಿದ್ದನ್ನು ಕೊಟ್ಟೆ.

ಆ ವರದಿಯವರು ಮತ್ತೆ ಎಣಿಸಲು ಬರಲಿ. ಅವಳು ಯಾಕೆ ಹೋದಳೆಂದು ಬರೆದುಕೊಳ್ಳುವವರೆಗೆ ಬೀಗ ಬಿದ್ದ ಅವಳ ಬಾಗಿಲಿನಿಂದ ಒಂದು ಹೆಜ್ಜೆ ಮುಂದೆ ಹೋಗಲು ಬಿಡುವುದಿಲ್ಲ.