ಮುಂದಕ್ಕೆ ಎಳೆದ ಸೀಟು

ಬೀದಿಯವರಿಗೆಲ್ಲ ಅವರು ಟರ್ಬೊ ಮಾಮ. ಹೊಟ್ಟೆಪಾಡಿಗೆ ಹೊಲಿಗೆ ಯಂತ್ರದ ರಿಪೇರಿ. ಜೀವ ಮಾತ್ರ ಮೂವತ್ತು ವರ್ಷದ ಕಾರಿನ ಮೇಲೆ. ತನ್ನ ಪಾಡಿಗೆ ತಾನಿದ್ದ ಆ ಕಾರಿಗೆ, ಎಂಜಿನ್ನಿಗೆ ಗಾಳಿ ನುಗ್ಗಿಸಿ ವೇಗ ಹೆಚ್ಚಿಸುವ ಟರ್ಬೊ ಕಟ್ಟಿ ತಲೆ ಕೆಡಿಸಿದವರು ಅವರೇ. ಕೆಡಿಸಲು ಜೊತೆಯಾದವರು ಅವರ ಹೆಂಡತಿ. ಆಕೆಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಗಿಡ್ಡ ಆಳು, ಪಕ್ಕದ ಸೀಟನ್ನು ಪೂರಾ ಮುಂದಕ್ಕೆ ಎಳೆದುಕೊಂಡು, ಗಾಳಿಗೆ ಪೆಟ್ರೋಲ್ ಎಷ್ಟು ಬೆರೆಯುತ್ತಿದೆ ಎಂದು ತೋರಿಸುವ ಮೀಟರಿನ ಮೇಲೆ ಕಣ್ಣು ನೆಟ್ಟು ಕೂರುತ್ತಿದ್ದರು. "ಹನ್ನೆರಡು, ಹದಿಮೂರು, ಹದಿನಾಲ್ಕು... ಆಕ್ಸಿಲರೇಟರಿಂದ ಕಾಲು ತೆಗೀರಿ ಅಂದ್ನಲ್ಲ" ಎಂದು ಗದರುತ್ತಿದ್ದರು. ಎಂಜಿನ್ ಸುಡದೆ ಉಳಿದದ್ದು ಆ ಗದರಿಕೆಯಿಂದಲೇ.

ಆಕೆ ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ಈಚೆಗೆ ನೀರಿಳಿದು ಕಾರಿನ ಇಸಿಯು ಕೂಡ ಕೈಕೊಟ್ಟಿತು. ಎಷ್ಟು ಪೆಟ್ರೋಲ್, ಯಾವಾಗ ಕಿಡಿ ಎಂದು ಎಂಜಿನ್ನಿಗೆ ಹೇಳಿಕೊಡುವ ಪೆಟ್ಟಿಗೆ ಅದು.

ಬಿಡಿಭಾಗದ ಅಂಗಡಿಯವನು ಎರಡು ಪೆಟ್ಟಿಗೆ ತೆಗೆದಿಟ್ಟ. "ಇದು ಓಡ್ತಾ ಓಡ್ತಾ ತಾನೇ ಕಲಿಯುತ್ತೆ. ಇನ್ನೊಂದರಲ್ಲಿ ಕೆಲಸ ಇನ್ನೂ ನಾಜೂಕು. ಆದ್ರೆ ಒಬ್ರು ಓಡಿಸ್ಬೇಕು, ಇನ್ನೊಬ್ರು ಲ್ಯಾಪ್‌ಟಾಪ್ ನೋಡಿ ಅಂಕಿ ತಿದ್ದಬೇಕು. ನಿಮ್ಮ ಪಕ್ಕದಲ್ಲಿ ಯಾರು ಕೂರ್ತಾರೆ?"

"ನಮ್ಮ ಮನೆಯವಳು" ಎಂದುಬಿಟ್ಟರು ಮಾಮ.

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡರು, ಆದರೆ ಹಿಂದೆಗೆಯಲಿಲ್ಲ. ಎರಡನೆಯ ಪೆಟ್ಟಿಗೆಯನ್ನೇ ಎತ್ತಿಕೊಂಡು ಬಂದರು. ದೊಡ್ಡ ಮನುಷ್ಯ, ಹಟಕ್ಕೇನು ಕಡಿಮೆ?

ಭಾನುವಾರ ವೈರುಗಳನ್ನೆಲ್ಲ ಜೋಡಿಸಿ ಖಾಲಿ ರಸ್ತೆಗೆ ಹೋದರು. ಓಡಿಸುತ್ತಾ ಅಂಕಿ ನೋಡುವಂತಿಲ್ಲ. ಅಂಕಿ ನೋಡಿದರೆ ರಸ್ತೆ ಕಾಣದು. ಒಂದು ಫರ್ಲಾಂಗು ಓಡಿಸುವುದು, ನಿಲ್ಲಿಸುವುದು, ಇಳಿದು ಸುತ್ತಿಬಂದು ಪಕ್ಕದ ಸೀಟಿನಲ್ಲಿ ಕೂತು ತಿದ್ದುವುದು, ಮತ್ತೆ ಸ್ಟಿಯರಿಂಗಿಗೆ ಹೋಗುವುದು. ಕೂತಾಗಲೆಲ್ಲ ಮೊಣಕಾಲು ಡ್ಯಾಶ್‌ಬೋರ್ಡಿಗೆ ಬಡಿಯುತ್ತಿತ್ತು. ಇಪ್ಪತ್ತು ಸಲ ಹೀಗೆ ಸುತ್ತಿದರು. ಇಪ್ಪತ್ತೊಂದನೆಯ ಸಲ ಕೂತವರು ಏಳಲಿಲ್ಲ. ಗದರುವವರಿಲ್ಲದ ಕಾರಿನಲ್ಲಿ ಲ್ಯಾಪ್‌ಟಾಪ್ ಮುಚ್ಚಿ ಬಿಕ್ಕಿ ಬಿಕ್ಕಿ ಅತ್ತರು. ಆಕೆ ಸತ್ತ ದಿನವೂ ಅಷ್ಟು ಅತ್ತಿರಲಿಲ್ಲ. ಅವತ್ತು ಮನೆ ತುಂಬ ನೆಂಟರಿದ್ದರು.

ಮರುದಿನ ಕಾರನ್ನು ನಿಧಾನಕ್ಕೆ ಓಡಿಸಿಕೊಂಡು ಹೋಗಿ ಅಂಗಡಿಯ ಮುಂದೆ ನಿಲ್ಲಿಸಿದರು.

"ತಾನೇ ಕಲಿಯೋದನ್ನೇ ಕೊಡಪ್ಪ. ನನ್ನ ಹೆಂಡತಿ ಇಲ್ಲ, ತೀರಿಕೊಂಡಿದ್ದಾಳೆ."

ಅಂಗಡಿಯವನು ತಬ್ಬಿಬ್ಬಾದ. "ಮತ್ತೆ ಅವತ್ತು ಹಾಗ್ಯಾಕೆ ಹೇಳಿದ್ರಿ ಮಾಮ?"

"ಪಕ್ಕದಲ್ಲಿ ಯಾರು ಕೂರ್ತಾರೆ ಅಂದೆಯಲ್ಲ. ಅವಳು ಬಿಟ್ರೆ ಯಾರೂ ಕೂತಿಲ್ಲ. ಬಾಯಿಗೆ ಅವಳೇ ಬಂದ್ಳು."

ಅವನು ಮೊದಲನೆಯ ಪೆಟ್ಟಿಗೆಯನ್ನು ತೆಗೆದುಕೊಂಡು, ತಾನೇ ಕೂರಿಸಿಕೊಡುತ್ತೇನೆ ಎಂದು ಸ್ಕ್ರೂಡ್ರೈವರ್ ಹಿಡಿದು ಹೊರಗೆ ಬಂದ. ಅದನ್ನು ಕೂರಿಸುವ ಜಾಗ ಪಕ್ಕದ ಸೀಟಿನ ಎದುರು, ಡ್ಯಾಶ್‌ಬೋರ್ಡಿನ ಕೆಳಗೆ. ಬಾಗಿಲು ತೆಗೆದವನು ಬಗ್ಗಿ ಸೀಟಿನ ಕೆಳಗಿನ ಹಿಡಿಗೆ ಕೈ ಹಾಕಿದ.

"ಸೀಟು ಪೂರಾ ಮುಂದಿದೆ, ಕೈ ಆಡಲ್ಲ. ಹಿಂದಕ್ಕೆ ತಳ್ಳಲಾ?"

"ಬೇಡ, ಅದು ಅಲ್ಲೇ ಇರ್ಲಿ" ಎಂದರು ಮಾಮ. ಅವನ ಕೈಯಿಂದ ಸ್ಕ್ರೂಡ್ರೈವರ್ ಇಸಿದುಕೊಂಡು, ಆ ಇಕ್ಕಟ್ಟಿನೊಳಗೆ ತಾವೇ ಮೈ ಮುದುರಿಕೊಂಡು ತೂರಿದರು.